ಶೂಟಿಂಗ್‌ಗೆ ಮೇಕಪ್‌ನವರನ್ನು ಗೊತ್ತು ಮಾಡಿದ್ದು: ನನ್ನ ಅನುಭವ

ಹೋದ ತಿಂಗಳು ದಾವಣಗೆರೆ ಚೌಕಿಪೇಟೆಯ ಒಂದು ಸೀರೆ ಅಂಗಡಿಗೆ ಕ್ಯಾಟಲಾಗ್ ಮಾಡಿಕೊಟ್ಟೆ. ಒಂದೇ ದಿನ, 34 ಸೀರೆ, ಇಬ್ಬರು ಹುಡುಗಿಯರು. ಆರಿಸಿದ ಮೇಲೆ ಉಳಿದ ಫೋಟೊ ಸುಮಾರು 210. ಎರಡೇ ದಿನಕ್ಕೆ ಎಡಿಟಿಂಗ್ ಮುಗಿದು ಪೆನ್‌ಡ್ರೈವ್ ಅಂಗಡಿಯ ಗಲ್ಲಾದ ಮೇಲಿತ್ತು. ಒಂದೂ ರೀಶೂಟ್ ಇಲ್ಲ. ಬಾಕಿ ದುಡ್ಡು ಅದೇ ವಾರ ಬಂತು. ನಮ್ಮ ಲೈನಿನಲ್ಲಿ ಇರುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ನಾನು ಹೇಳಬೇಕಾಗಿಲ್ಲ.

ಕ್ಯಾಮೆರಾ ಹಳೆಯದೇ. ಲೈಟೂ ಹಳೆಯದೇ. ಮೇಕಪ್ ಮಾಡುವವರನ್ನು ಗೊತ್ತು ಮಾಡುವ ರೀತಿ ಮಾತ್ರ ಬದಲಾಗಿದೆ.

ಮೊದಲು ಟ್ರಯಲ್ ಮಾಡಿಸಿ ನೋಡಿ, ಆಮೇಲೆ ದಿನದ ಲೆಕ್ಕದಲ್ಲಿ ಗೊತ್ತು ಮಾಡುವುದು ಈಗಿನ ರೀತಿ. ಅದನ್ನು ಶುರು ಮಾಡಿದಾಗ ಯಾರೂ ಒಪ್ಪಲಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಾವು ಐದಾರು ಜನ ಫೋಟೊದವರು ಸೇರುತ್ತೇವೆ. "ಇದು ಬೆಂಗಳೂರಲ್ಲಪ್ಪ, ದಾವಣಗೆರೆ. ಮೇಕಪ್ಪಿಗೆ ಅಂತ ಬೇರೆ ದುಡ್ಡು ಯಾರು ಕೊಡ್ತಾರೆ?" ಅಂತ ಎಲ್ಲರದೂ ಒಂದೇ ಮಾತು. ಟ್ರಯಲ್‌ಗೂ ದುಡ್ಡು ಕೊಡುತ್ತೇನೆ ಅಂದಾಗ ಹಿರಿಯರೊಬ್ಬರು, "ನಿನ್ನ ಹತ್ರ ಅಷ್ಟು ಜಾಸ್ತಿ ಇದ್ರೆ ನನಗೆ ಕೊಡೋ" ಅಂದರು. ಮೂರು ವರ್ಷ ಆಯಿತು. ಈಗ ಅವರಲ್ಲೇ ಇಬ್ಬರು ನನ್ನ ಒಪ್ಪಂದದ ಸಾಲುಗಳನ್ನು ವಾಟ್ಸಾಪ್‌ನಲ್ಲಿ ಕೇಳಿ ತರಿಸಿಕೊಂಡಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ.

2019 ಇರಬೇಕು. ಇದೇ ತರಹದ ಸೀರೆ ಕೆಲಸ, ಅಂಗಡಿ ಬೇರೆ. ಮಾಡೆಲ್, ಮೇಕಪ್, ಊಟ, ಎಡಿಟಿಂಗ್ ಎಲ್ಲ ಸೇರಿ 22,000ಕ್ಕೆ ಒಪ್ಪಿಕೊಂಡಿದ್ದೆ. ಪಾರ್ಲರಿನವರೊಬ್ಬರು ಮುಖಕ್ಕೆ 600 ರೂಪಾಯಿಯಂತೆ ಬಂದರು. ಮದುವೆ ಹೆಣ್ಣಿಗೆ ಚೆನ್ನಾಗಿ ಮಾಡುತ್ತಾರೆ ಅಂತ ಹೆಸರಿತ್ತು. ಕಣ್ಣಿಗೆ ನನಗೂ ಚೆನ್ನಾಗಿಯೇ ಕಂಡಿತು. ಫ್ಲಾಶ್ ಹೊಡೆದೆ. ಹಣೆ, ಮೂಗು, ಕಣ್ಣಿನ ಕೆಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಹಚ್ಚಿದ್ದು ಸನ್‌ಸ್ಕ್ರೀನ್ ಇರುವ ಕ್ರೀಮು, ಅದರ ಮೇಲೆ ಬೇಕಾದಷ್ಟು ಸಿಲಿಕಾ ಪೌಡರ್. ಸನ್‌ಸ್ಕ್ರೀನಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಫ್ಲಾಶ್ ಬೆಳಕನ್ನು ಹಾಗೇ ವಾಪಸ್ ಎಸೆಯುತ್ತವೆ ಅಂತ ನನಗೆ ತಿಳಿದದ್ದು ಆಮೇಲೆ. ಲೈಟ್ ಕ್ಯಾಮೆರಾದ ಪಕ್ಕದಲ್ಲೇ ಇದ್ದರೆ ಇನ್ನೂ ಜಾಸ್ತಿ. ಆವತ್ತು ನಾನು ಲೈಟಿನದೇ ತಪ್ಪು ಅಂದುಕೊಂಡು ಪವರ್ ಏರಿಸುತ್ತ ಇಳಿಸುತ್ತ ಅರ್ಧ ದಿನ ಕಳೆದೆ.

160 ಫೋಟೊ. ಒಂದಕ್ಕೆ 60 ರೂಪಾಯಿಯಂತೆ ಹೊರಗೆ ರೀಟಚ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಫೋಟೊ ತಿದ್ದಲು, ಕೊಟ್ಟೆ. 9,600 ಹೋಯಿತು. ಬಂದ ಫೋಟೊದಲ್ಲಿ ಮುಖ ಪ್ಲಾಸ್ಟಿಕ್ ಬೊಂಬೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಮುಖ ಸರಿ ಮಾಡಲು ಬಣ್ಣ ಎಳೆದಾಗ ಸೀರೆಯ ಬಣ್ಣವೂ ಎಳೆದುಕೊಂಡು ಹೋಗಿತ್ತು. ಗಿಳಿಹಸಿರು ಸೀರೆ ನೀಲಿ ಕಡೆ ತಿರುಗಿತ್ತು. ಯಜಮಾನರು ಸೀರೆಯನ್ನು ಫೋಟೊ ಪಕ್ಕ ಹಿಡಿದು ತೋರಿಸಿದರು. ನಾನು ಮಾತಾಡಲಿಲ್ಲ. ಮತ್ತೆ ಅರ್ಧ ದಿನ ಶೂಟ್, ಮತ್ತೆ ಮಾಡೆಲ್ ದುಡ್ಡು. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಸಾವಿರದ ಆಸುಪಾಸು. ಹದಿನೈದು ದಿನದ ಕೆಲಸಕ್ಕೆ.

ಆಮೇಲೆ ಇನ್ನೊಂದು ತುದಿಗೆ ಹೋದೆ. ಒಂದು ಒಡವೆ ಅಂಗಡಿಯ ಕೆಲಸಕ್ಕೆ ಬೆಂಗಳೂರಿನಿಂದ ಕರೆಸಿದೆ. ಫೀಸು 18,000. ರೈಲು, ಊಟ ಎಲ್ಲ ಸೇರಿ 22,000ದ ಹತ್ತಿರ. ಕೆಲಸದಲ್ಲಿ ಒಂದು ಮಾತೂ ಆಡುವ ಹಾಗಿಲ್ಲ. ಅಷ್ಟು ತೆಳುವಾಗಿ, ಚರ್ಮ ಚರ್ಮದ ಹಾಗೇ ಕಾಣುವಂತೆ ಮಾಡಿದ್ದನ್ನು ನಾನು ಮೊದಲ ಸಲ ಎದುರಿಗೆ ನೋಡಿದ್ದು. ಆದರೆ ಬೆಳಗಿನ ರೈಲು ಹಿಡಿದು ಸ್ಟುಡಿಯೋ ತಲುಪುವಷ್ಟರಲ್ಲಿ ಹತ್ತೂವರೆ. ಒಂದು ಮುಖಕ್ಕೆ ಎರಡು ಗಂಟೆ. ಮೊದಲ ಫೋಟೊ ತೆಗೆದದ್ದು ಮಧ್ಯಾಹ್ನ ಒಂದಕ್ಕೆ. ವಾಪಸ್ ರೈಲಿಗೆ ಅಂತ ಐದಕ್ಕೆ ಹೊರಟೇಬಿಟ್ಟರು. ಕೊನೆಯ ಒಂಬತ್ತು ಸೆಟ್ ಟಚಪ್ (ನಡುನಡುವೆ ಮೇಕಪ್ ಸರಿ ಮಾಡುವುದು) ಇಲ್ಲದೆ ತೆಗೆದೆ. ಅದರ ಮೇಲೆ ಅಂಗಡಿಯವರು ಫೋಟೊ ನೋಡಿ, "ಏನ್ರೀ, ಮೇಕಪ್ಪೇ ಹಾಕಿಲ್ವಲ್ಲ" ಅಂದರು. ಅವರಿಗೆ ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ ಎದ್ದು ಕಾಣಬೇಕಿತ್ತು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳದಿದ್ದದ್ದು ನನ್ನ ತಪ್ಪು.

ಆದರೂ ಆ ಬೆಂಗಳೂರಿನವರಿಂದ ಒಂದು ವಿಷಯ ಕಲಿತೆ. ಬರುವ ಮೊದಲು ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ "ಲೈಟ್ ಯಾವುದು?" ಅಂತ. ಎರಡನೆಯದು, "ಹುಡುಗಿಯರ ಮುಖ ತೊಳೆದು, ಕಿಟಕಿ ಬೆಳಕಿನಲ್ಲಿ ಒಂದು ಫೋಟೊ ಕಳಿಸಿ." ಅಷ್ಟು ವರ್ಷದಲ್ಲಿ ಊರಿನ ಯಾವ ಪಾರ್ಲರಿನವರೂ ನನ್ನನ್ನು ಇದನ್ನು ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

ಮೂರನೆಯ ಪೆಟ್ಟು ಚಿತ್ರದುರ್ಗದಲ್ಲಿ. ಏಪ್ರಿಲ್ ತಿಂಗಳು, ಪ್ರಿವೆಡ್ಡಿಂಗ್. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ನೋಡಿ ಒಬ್ಬರನ್ನು ಗೊತ್ತು ಮಾಡಿದ್ದೆ. ಜೋಡಿಯನ್ನು ಕಲ್ಲಿನ ಕೋಟೆಗೆ ಕರೆದುಕೊಂಡು ಹೋದೆ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯಬೇಕಾದರೆ ಮೊದಲೇ ಅನುಮತಿ ತೆಗೆದುಕೊಂಡಿರಬೇಕು. ನಾನು ತೆಗೆದುಕೊಂಡಿರಲಿಲ್ಲ. ಗೇಟಿನಲ್ಲಿ ನಿಲ್ಲಿಸಿದರು, ಅವರದು ನ್ಯಾಯವೇ. ಲೈಟನ್ನೆಲ್ಲ ಕಾರಿನಲ್ಲಿ ಬಿಟ್ಟು ಕ್ಯಾಮೆರಾ ಒಂದೇ ಹಿಡಿದು ಹತ್ತಿದೆವು. ಹತ್ತು ಗಂಟೆಗೇ ಬಂಡೆ ಕಾದ ಹೆಂಚು. ಏಳು ಸುತ್ತಿನ ಕೋಟೆಯಲ್ಲಿ ಎರಡು ಸುತ್ತು ದಾಟುವಷ್ಟರಲ್ಲಿ ಹುಡುಗಿಯ ಫೌಂಡೇಶನ್ ಕಿವಿಯ ಪಕ್ಕ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಓಬವ್ವನ ಕಿಂಡಿ ಹತ್ತಿರ ಹೋಗುವಾಗ ತುಟಿಯ ಬಣ್ಣ ಹುಡುಗನ ಬಿಳಿ ಶರ್ಟಿನ ಭುಜದ ಮೇಲಿತ್ತು. ಮೇಕಪ್ ಮಾಡಿದವರು ದಾವಣಗೆರೆಯಲ್ಲೇ ಕೆಲಸ ಮುಗಿಸಿ ಮನೆಗೆ ಹೋಗಿದ್ದರು. 60 ಕಿಲೋಮೀಟರ್ ಆಚೆ, ಬೆಟ್ಟದ ಮೇಲೆ, ನನ್ನ ಕೈಯಲ್ಲಿ ಟಿಶ್ಯೂ ಪೇಪರ್ ಕೂಡ ಇರಲಿಲ್ಲ. ಹುಡುಗನ ಮುಖಕ್ಕೆ ಏನೂ ಹಚ್ಚಿರಲಿಲ್ಲ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಆ ಕೆಲಸದಲ್ಲಿ 5,000 ವಾಪಸ್ ಕೊಟ್ಟೆ.

ಕಾರಿನಲ್ಲಿ ವಾಪಸ್ ಬರುವಾಗ ನನಗೆ ಸ್ಪಷ್ಟವಾಯಿತು. ಮೂರು ಸಲವೂ ನಾನು ಬೇರೆಯವರ ಫೋಟೊ ನೋಡಿ, ಬೇರೆಯವರ ಮಾತು ಕೇಳಿ ಆರಿಸಿದ್ದೆ. ನನ್ನ ಲೈಟಿನಲ್ಲಿ, ನನ್ನ ಕ್ಯಾಮೆರಾದಲ್ಲಿ, ಗಂಟೆಗಟ್ಟಲೆ ನಿಂತ ಮುಖದ ಮೇಲೆ ಯಾರ ಕೆಲಸವನ್ನೂ ನೋಡಿರಲಿಲ್ಲ.

ಊರಿನ ನಾಲ್ವರನ್ನು ಆರಿಸಿದೆ. ವಾರಕ್ಕೊಬ್ಬರಂತೆ ಹದಡಿ ರಸ್ತೆಯ ನನ್ನ ಸ್ಟುಡಿಯೋಗೆ ಕರೆದೆ. ಪ್ರತಿಯೊಬ್ಬರಿಗೂ 1,500 ಕೊಟ್ಟೆ. ಬಿಟ್ಟಿ ಟ್ರಯಲ್ ಕೇಳಿದರೆ ಅವರ ಹಳೆಯ ಸಾಮಾನು ಬರುತ್ತದೆ, ಅವಸರದ ಕೈ ಬರುತ್ತದೆ. ದುಡ್ಡು ಕೊಟ್ಟರೆ ನಾಲ್ಕು ಗಂಟೆ ಇರಿ ಅಂತ ಕೇಳುವ ಹಕ್ಕು ನನಗೆ ಇರುತ್ತದೆ. ಮುಖ ನಮ್ಮಲ್ಲಿ ಆಲ್ಬಮ್ ಡಿಸೈನ್ ಮಾಡುವ ಹುಡುಗಿಯದು. ಆಕೆಯನ್ನು ಕೇಳಿ, ಒಪ್ಪಿಸಿ, ಒಂದು ಸಲಕ್ಕೆ 500 ಕೊಟ್ಟೆ. ಕಪ್ಪು ಮೈಬಣ್ಣ, ಎಣ್ಣೆ ಚರ್ಮ, ಕೆನ್ನೆಯಲ್ಲಿ ಮೊಡವೆ ಕಲೆ. ಬೆಳ್ಳಗಿನ, ನುಣುಪು ಮುಖದ ಮೇಲೆ ಯಾರು ಮಾಡಿದರೂ ಚೆನ್ನಾಗಿಯೇ ಕಾಣುತ್ತದೆ. ಅದರಲ್ಲಿ ತಿಳಿಯುವುದು ಏನೂ ಇಲ್ಲ.

ಗ್ರೇ ಕಾರ್ಡ್, ಅಂದರೆ ಬಣ್ಣ ಸರಿ ನೋಡಲು ಬಳಸುವ ಬೂದು ರಟ್ಟು, ಹಿಡಿದು ಒಂದು ಫೋಟೊ. ಆಮೇಲೆ ಲೆನ್ಸಿನ ಪಕ್ಕದಲ್ಲೇ ಬರಿಯ ಫ್ಲಾಶ್ ಇಟ್ಟು ಒಂದು, ಬೆಳಕನ್ನು ಮೆದು ಮಾಡುವ ಸಾಫ್ಟ್‌ಬಾಕ್ಸ್‌ನಲ್ಲಿ ಒಂದು, ಪಕ್ಕದ ಕಿಟಕಿ ಬೆಳಕಿನಲ್ಲಿ ಒಂದು, ಹೊರಗೆ ಬೇವಿನ ಮರದ ಪಕ್ಕ ಬಿಸಿಲಿನಲ್ಲಿ ಒಂದು. ನಾಲ್ಕು ಗಂಟೆ ಬಿಟ್ಟು ಮತ್ತೆ ಅವೇ. ನಡುವೆ ಊಟ, ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲ ಇತ್ತು. ಎಡಿಟ್ ಮಾಡುವುದಿಲ್ಲ. ನೇರ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಕಿವಿಯ ಹಾಲೆ, ಕೂದಲಿನ ಅಂಚು, ದವಡೆಯ ಗೆರೆ, ಕಣ್ಣ ಕೆಳಗಿನ ಮಡಿಕೆ, ಮೂಗಿನ ಪಕ್ಕ, ಆಮೇಲೆ ಕೈ ನೋಡುತ್ತೇನೆ. ತುಟಿ, ಕಣ್ಣು ಕೊನೆಗೆ. ಅವುಗಳನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ.

ಮೊದಲನೆಯವರು ತಮ್ಮ ರಿಂಗ್‌ಲೈಟ್ (ಬಳೆಯಾಕಾರದ ದೀಪ) ಇಲ್ಲದೆ ಕೆಲಸವೇ ಮಾಡಲಿಲ್ಲ. ಕಿಟಕಿ ಬೆಳಕಿಗೆ ತಿರುಗಿಸಿದಾಗ ಪಟ್ಟಿ ಪಟ್ಟಿ ಕಂಡಿತು. ಇನ್ನೊಬ್ಬರ ಕೈ ಒಳ್ಳೆಯದು, ಆದರೆ ಸ್ಪಂಜು ತೊಳೆದಿರಲಿಲ್ಲ. ಎರಡು ದಿನಕ್ಕೆ ಹುಡುಗಿಯ ಕೆನ್ನೆಯಲ್ಲಿ ಗುಳ್ಳೆ ಎದ್ದವು, ಡಾಕ್ಟರಿಗೆ, ಮುಲಾಮಿಗೆ 700 ನಾನೇ ಕೊಟ್ಟೆ. ಆ ಕಾರಣಕ್ಕೆ ಮುಂದಿನ ಟ್ರಯಲ್ ಒಂದು ತಿಂಗಳು ತಡವಾಯಿತು.

ಮತ್ತೊಬ್ಬರ ವಿಷಯ ಸ್ವಲ್ಪ ಹೇಳಲೇಬೇಕು. ಅವರು ಆಕೆಯ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚಿದರು. ಯಾಕೆ ಅಂದರೆ, "ಬೆಳ್ಳಗೆ ಕಾಣಬೇಕಲ್ವಾ ಸರ್, ಎಲ್ಲರೂ ಅದನ್ನೇ ಕೇಳೋದು" ಅಂದರು. ಕ್ಯಾಮೆರಾದಲ್ಲಿ ಅದು ಬೆಳ್ಳಗೆ ಬರಲಿಲ್ಲ, ಬೂದಿ ಬಣ್ಣ ಬಂತು. ಹುಡುಗಿ ಲ್ಯಾಪ್‌ಟಾಪ್ ನೋಡಿ, "ಸರ್, ಇದು ನಾನಲ್ಲ" ಅಂದಳು. ಸಣ್ಣ ದನಿಯಲ್ಲಿ ಅಂದಳು. ಆವತ್ತಿನಿಂದ ನನ್ನ ಒಪ್ಪಂದದಲ್ಲಿ ಮೊದಲ ಸಾಲು ಅದೇ: ಮೈಬಣ್ಣ ಬದಲಿಸಬಾರದು. ಅಂಗಡಿಯವರು ಬಂದು ಸ್ವಲ್ಪ ಬೆಳ್ಳಗೆ ಮಾಡಿಸಿ ಅಂದರೂ ನಾನು ಒಪ್ಪುವುದಿಲ್ಲ. ಒಬ್ಬ ಗಿರಾಕಿ ಇದಕ್ಕೇ ಹೋದರು. ಹೋಗಲಿ.

ನಾಲ್ಕನೆಯವರೇ ಈಗ ನನ್ನ ಜೊತೆ ಇರುವವರು. ನಿಟ್ಟುವಳ್ಳಿ ಕಡೆಯವರು, ತಾಯಿಯ ಪಾರ್ಲರಿನಲ್ಲಿ ಕೈ ಪಳಗಿಸಿಕೊಂಡವರು. ಬಂದ ಕೂಡಲೇ ಬ್ರಶ್ ರೋಲ್ ಬಿಚ್ಚಿ ಸ್ಪಿರಿಟ್‌ನಲ್ಲಿ ಒರೆಸಿದರು, ಯಾರೂ ಹೇಳಿರಲಿಲ್ಲ. "ಅಣ್ಣ, ಮೊದಲು ಏನೂ ಹಚ್ಚದೆ ನಿಮ್ಮ ಲೈಟಲ್ಲಿ ಒಂದು ತೆಗೀರಿ, ನೋಡ್ತೀನಿ" ಅಂದರು. ಮೂರು ಶೇಡನ್ನು ದವಡೆಯ ಮೇಲೆ ಗೆರೆ ಎಳೆದು ಸುಮ್ನೆ ಕೂತರು. ಹದಿನೈದು ನಿಮಿಷ. ಎಣ್ಣೆ ಚರ್ಮದಲ್ಲಿ ಕೆಲವು ಫೌಂಡೇಶನ್ ಗಾಳಿಗೆ ಕಪ್ಪಾಗುತ್ತವೆ, ಅದಕ್ಕೆ ಕಾಯುತ್ತಿದ್ದರು. ಕೊನೆಗೆ ಎರಡನ್ನು ಬೆರೆಸಿದರು. ಕಣ್ಣ ಕೆಳಗಿನ ಕಪ್ಪು ಮುಚ್ಚಲು ಕಿತ್ತಳೆ ಕರೆಕ್ಟರ್, ತೆಳ್ಳಗೆ. ಉಜ್ಜಲಿಲ್ಲ, ಒತ್ತಿದರು. ಕಿವಿಗೆ ಹಚ್ಚಿದರು, ಕತ್ತಿನ ಹಿಂದೆ ಹಚ್ಚಿದರು, ಬೆರಳಿನ ಗೆಣ್ಣಿಗೂ ಹಚ್ಚಿದರು. ಬರಿಯ ಫ್ಲಾಶ್ ಹೊಡೆದೆ. ಬಿಳಿ ಇಲ್ಲ. ಇನ್ನೊಮ್ಮೆ ಹೊಡೆದೆ. ಇಲ್ಲ.

ಫೋಟೊ ತೆಗೆಯುವಾಗ ಅವರು ಮೊಬೈಲ್ ನೋಡುತ್ತ ಮೂಲೆಯಲ್ಲಿ ಕೂರಲಿಲ್ಲ. ನನ್ನ ಪಕ್ಕ ನಿಂತು ಲ್ಯಾಪ್‌ಟಾಪ್ ನೋಡಿದರು. "ಅಣ್ಣ, ಆ ಲೈಟ್ ಒಂದು ಗೇಣು ಇಳಿಸಿದ್ರೆ ಈ ಮಡಿಕೆ ಹೋಗುತ್ತೆ, ನಾನು ಇನ್ನೂ ಹಚ್ಚೋದು ಬೇಡ" ಅಂದರು. ಇಳಿಸಿದೆ, ಹೋಯಿತು. ಹದಿನೈದು ವರ್ಷ ಲೈಟ್ ಹಿಡಿದವನಿಗೆ ಅವರು ಲೈಟ್ ಹೇಳಿದರು, ಸರಿಯಾಗಿಯೇ ಹೇಳಿದರು. ನಾಲ್ಕು ಗಂಟೆ ಆದ ಮೇಲೆ ಮೂಗಿನ ಪಕ್ಕ ಸ್ವಲ್ಪ ಹೊಳಪು ಬಂದಿತ್ತು, ಅಷ್ಟೇ. ಮೊದಲು ಟಿಶ್ಯೂ ಒತ್ತಿ ಎಣ್ಣೆ ತೆಗೆದು, ಆಮೇಲೆ ಪೌಡರ್. ಎಣ್ಣೆಯ ಮೇಲೇ ಪೌಡರ್ ಹಾಕಿದರೆ ಹಿಟ್ಟು ಕಲಸಿದ ಹಾಗಾಗುತ್ತದೆ. ಅವರು ಬಳಸುವ ಪೌಡರ್ ಎರಡನ್ನು ಸೇರಿಸಿ ಮಾಡಿದ್ದು. ಯಾವುವು, ಎಷ್ಟೆಷ್ಟು ಅಂತ ನನಗೆ ಗೊತ್ತು. ಆದರೆ ಅದು ಅವರ ಗಂಟು, ನಾನು ಇಲ್ಲಿ ಬಿಚ್ಚುವುದಿಲ್ಲ.

ಹಾಗೆಯೇ ಈಗ ಹೊಸಬರನ್ನು ಕರೆಯುವ ಮೊದಲು ನಾನು ಫೋನಿನಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಕೇಳಿದರೆ ಟ್ರಯಲ್ ಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ. ಬರೆದರೆ ಎಲ್ಲರೂ ಉತ್ತರ ಕಲಿತುಕೊಂಡು ಬರುತ್ತಾರೆ. ಅದನ್ನೂ ಬಿಟ್ಟಿದ್ದೇನೆ.

ಟ್ರಯಲ್‌ಗಳಿಗೆ ಒಟ್ಟು ಖರ್ಚು 8,700 ಅಂತ ಇಟ್ಟುಕೊಳ್ಳಿ. ಮಂಡಕ್ಕಿ ಅಂಗಡಿಯಲ್ಲಿ ಈ ಲೆಕ್ಕ ಹೇಳಿದ ದಿನ ಎಲ್ಲರೂ ನಕ್ಕರು.

ಈ ನಡುವೆ ಎರಡು ಬೇರೆ ಪ್ರಯೋಗವನ್ನೂ ಮಾಡಿದೆ. ಒಂದು, ಮುಖದ ಹೊಳಪನ್ನು ಮೇಕಪ್ ಇಲ್ಲದೆ ಲೈಟಿನಿಂದಲೇ ತೆಗೆಯಬಹುದಾ ಅಂತ. ಫ್ಲಾಶ್ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್ ಫಿಲ್ಟರ್, ಎರಡನ್ನೂ ಒಂದಕ್ಕೊಂದು ಅಡ್ಡ ತಿರುಗಿಸಿದರೆ ಹೊಳಪು ಪೂರ್ತಿ ಹೋಗುತ್ತದೆ. ಹೋಯಿತು. ಆದರೆ ಮೂರು ಸ್ಟಾಪ್ ಬೆಳಕೂ, ಅಂದರೆ ಎಂಟರಲ್ಲಿ ಏಳು ಪಾಲು, ಹೋಯಿತು. ಮುಖದ ಹೊಳಪಿನ ಜೊತೆಗೆ ರೇಷ್ಮೆಯ ಹೊಳಪು, ಜರಿಯ ಮಿಂಚು ಎಲ್ಲ ಸತ್ತುಹೋಯಿತು. ರೇಷ್ಮೆ ಸೀರೆ ಗೋಣಿತಟ್ಟಿನ ಹಾಗೆ ಕಂಡಿತು. ಹಾಳೆ, ಫಿಲ್ಟರ್ ಸೇರಿ 4,000ದಷ್ಟು ಖರ್ಚಾಗಿತ್ತು. ಈಗ ಕಪಾಟಿನಲ್ಲಿವೆ. ಹಳೆಯ ತೈಲಚಿತ್ರದ ಫೋಟೊ ತೆಗೆಯಬೇಕಾದಾಗ ಮಾತ್ರ ಹೊರಗೆ ಬರುತ್ತವೆ, ಅದಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ.

ಇನ್ನೊಂದು, ಹಳೆಯ ನಾಟಕದ ಬಣ್ಣ. ನಮ್ಮದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕಂಪನಿ ನಾಟಕ ನೋಡಿ ಬೆಳೆದವರು ನಾವು. ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದ ಒಬ್ಬ ಅಜ್ಜ ಪರಿಚಯದವರು. ಅವರನ್ನು ಒಂದು ಮಧ್ಯಾಹ್ನ ಸ್ಟುಡಿಯೋಗೆ ಕರೆದುಕೊಂಡು ಬಂದೆ. ಸಫೇದ ಅನ್ನುವ ಬಿಳಿ ಪುಡಿಗೆ ಕೊಬ್ಬರಿ ಎಣ್ಣೆ, ಚಿಟಿಕೆ ಕೆಂಪು, ಚಿಟಿಕೆ ಹಳದಿ ಬೆರೆಸಿ ಅಂಗೈಯಲ್ಲೇ ಹದ ಮಾಡಿದರು. ಹ್ಯಾಲೊಜನ್ ದೀಪದ ಹಳದಿ ಬೆಳಕಿನಲ್ಲಿ ನೋಡಿದರೆ ಮುಖ ದೇವರ ಮೂರ್ತಿಯ ಹಾಗೆ. ಫ್ಲಾಶ್ ಹೊಡೆದರೆ ಮತ್ತೆ ಅದೇ ಸುಣ್ಣ. ಸಫೇದ ಅಂದರೆ ಜಿಂಕ್ ಆಕ್ಸೈಡೇ ಅಲ್ವಾ! ರಂಗದ ದೀಪಕ್ಕೆ ಮಾಡಿದ ಬಣ್ಣ ಅದು, ನನ್ನ ಫ್ಲಾಶಿಗೆ ಅಲ್ಲ. ಅಜ್ಜ ಫೋಟೊ ನೋಡಿ, "ನಿನ್ನ ದೀಪ ಸರಿ ಇಲ್ಲ" ಅಂದರು. ಅವರ ದೃಷ್ಟಿಯಿಂದ ಅದು ನಿಜ. ಹೋಗುವಾಗ ಮಾಡೆಲ್ ಹುಡುಗಿಯ ಕೈ ಹಿಡಿದು ತೋರಿಸಿ, "ಮುಖಕ್ಕೆ ಹಚ್ಚಿ ಕೈ ಬಿಟ್ಟರೆ ಎರಡು ಹೆಂಗಸರು ಕಾಣ್ತಾರೆ" ಅಂದರು. ಸೀರೆಯ ಸೆರಗು ಹಿಡಿದ ಕೈಯ ಕ್ಲೋಸಪ್ ತೆಗೆಯುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಇನ್ನು ಮೇಕಪ್‌ನವರ ಜೊತೆಗಿನ ಒಪ್ಪಂದ. ಮುಖಕ್ಕಿಷ್ಟು ಅಂತ ಮಾತಾಡುವುದನ್ನು ಬಿಟ್ಟೆ, ದಿನಕ್ಕಿಷ್ಟು ಅಂತ ಮಾಡಿದೆ. ಮುಖದ ಲೆಕ್ಕದಲ್ಲಿ ಕೊಟ್ಟರೆ ಮುಖ ಮುಗಿದ ಕೂಡಲೇ ಅವರ ಕೆಲಸ ಮುಗಿಯಿತು. ನನಗೆ ಬೇಕಾದದ್ದು ಮಧ್ಯಾಹ್ನ ಮೂರು ಗಂಟೆಯ ಮುಖ. ಬೆಳಿಗ್ಗೆ ಏಳರಿಂದ ಪ್ಯಾಕಪ್‌ವರೆಗೆ, ಎರಡು ಮುಖ, ಟಚಪ್ ಸೇರಿ ಮೊದಲ ವರ್ಷ 5,000, ಈಗ 7,000. ಕೂದಲು, ಸೀರೆಯ ನೆರಿಗೆ ನೋಡಿಕೊಳ್ಳುವ ಸಹಾಯಕಿಗೆ 1,500. ಓಡಾಟ, ಊಟ ನನ್ನದು. ಎರಡು ದಿನದೊಳಗೆ ನಾನು ಕೆಲಸ ರದ್ದು ಮಾಡಿದರೆ ಮೂರನೇ ಒಂದು ಭಾಗ ಕೊಡುತ್ತೇನೆ. ಈ ಸಾಲನ್ನು ನಾನೇ ಹಾಕಿದ್ದು, ಅವರು ಕೇಳಿರಲಿಲ್ಲ. ಮದುವೆ ಸೀಸನ್‌ನಲ್ಲಿ ಒಂದು ದಿನ ನನಗಾಗಿ ಹಿಡಿದಿಟ್ಟರೆ ಅವರಿಗೆ ಒಬ್ಬ ಮದುಮಗಳ ಕೆಲಸ ಕೈತಪ್ಪಿದಂತೆ. ಫೋಟೊಗಳನ್ನು ಅಂಗಡಿಯವರು ಹೊರಗೆ ಬಿಟ್ಟ ಮೇಲೆ ಅವರೂ ಹಾಕಿಕೊಳ್ಳಬಹುದು, ನನ್ನ ಎಡಿಟ್ ಮೇಲೆ ಮತ್ತೆ ಫಿಲ್ಟರ್ ಹಾಕಬಾರದು. ಎಲ್ಲ ಕನ್ನಡದಲ್ಲೇ ವಾಟ್ಸಾಪ್ ಮೆಸೇಜು. ಅವರು "ಸರಿ ಅಣ್ಣ" ಅಂತ ಕಳಿಸಿದರೆ ಮುಗಿಯಿತು, ಅದೇ ಸಹಿ.

ಮಾಡೆಲ್‌ಗಳಿಗೂ ನಾಲ್ಕು ಸಾಲು ಹೋಗುತ್ತದೆ. ಹಿಂದಿನ ಮೂರು ದಿನ ಥ್ರೆಡ್ಡಿಂಗ್, ಬ್ಲೀಚ್, ಫೇಶಿಯಲ್ ಬೇಡ, ಮುಖ ಕೆಂಪಾಗಿರುತ್ತದೆ. ಅರಿಶಿನ ಬೇಡ. ಅರಿಶಿನ ಕೂದಲ ಅಂಚಿನಲ್ಲಿ ಉಳಿದುಬಿಟ್ಟರೆ ಯಾವ ಶೇಡೂ ಕೂರುವುದಿಲ್ಲ. ಮುಂದೆ ಗುಂಡಿ ಇರುವ ಶರ್ಟ್ ಹಾಕಿಕೊಂಡು ಬರಬೇಕು, ತಲೆಯ ಮೇಲಿಂದ ಎಳೆಯುವ ಟಾಪ್ ಆದರೆ ಎರಡು ಗಂಟೆಯ ಕೆಲಸ ಒಂದೇ ಎಳೆತಕ್ಕೆ ಹೋಗುತ್ತದೆ. ಬೆಣ್ಣೆ ದೋಸೆ ತಿನ್ನುವುದಾದರೆ ತುಟಿಗೆ ಬಣ್ಣ ಹಚ್ಚುವ ಮೊದಲು. ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ ಬೇಡವೇ ಬೇಡ. ಒಮ್ಮೆ ಕೆನೆಬಣ್ಣದ ಸೀರೆಯ ಕ್ಲೋಸಪ್‌ನಲ್ಲಿ ಹನ್ನೊಂದು ಫೋಟೊಗೆ ಹಳದಿ ಬೆರಳು ಬಂದಿತ್ತು. ಒಂದೊಂದಾಗಿ ಒರೆಸಿದೆ. ಮಲ್ಲಿಗೆ ಎರಡು ಸಲಕ್ಕೆ ಆಗುವಷ್ಟು ತರಿಸುತ್ತೇನೆ, ಅರ್ಧ ಒದ್ದೆ ಬಟ್ಟೆಯಲ್ಲಿ ಇರುತ್ತದೆ. ಲೈಟಿನ ಬಿಸಿಗೆ ಹನ್ನೆರಡು ಗಂಟೆಗೆ ಬಾಡುತ್ತದೆ.

ನಿಟ್ಟುವಳ್ಳಿಯ ಆ ಮೇಕಪ್‌ನವರಿಂದ ಕಲಿತದ್ದು ಇನ್ನೊಂದು ಇದೆ. ಸೀರೆಗಳನ್ನು ನಾನು ಮೊದಲು ಬೆಲೆಯ ಪ್ರಕಾರ ಜೋಡಿಸುತ್ತಿದ್ದೆ, ಅಂಗಡಿಯವರ ಪಟ್ಟಿ ಹಾಗೇ ಇರುತ್ತಿತ್ತು. ಈಗ ತುಟಿಯ ಬಣ್ಣದ ಪ್ರಕಾರ ಜೋಡಿಸುತ್ತೇವೆ. ತಿಳಿ ಬಣ್ಣದಿಂದ ಶುರುವಾಗಿ ಕೆಂಪು, ಮೆರೂನ್ ಕೊನೆಗೆ. ತಿಳಿಯಿಂದ ಗಾಢಕ್ಕೆ ಹೋಗುವುದು ಎರಡು ನಿಮಿಷ, ಗಾಢದಿಂದ ತಿಳಿಗೆ ಬರಬೇಕಾದರೆ ಒರೆಸಿ ಮತ್ತೆ ಬೇಸ್ ಹಾಕಬೇಕು. ಕೆಂಪು ರೇಷ್ಮೆ ಉಟ್ಟಾಗ ಗದ್ದದ ಕೆಳಗೆ ಕೆಂಪು ಬೆಳಕು ಬೀಳುತ್ತದೆ, ಅಲ್ಲಿ ಹೊಳಪು ಇದ್ದರೆ ಇನ್ನೂ ಎದ್ದು ಕಾಣುತ್ತದೆ. ಅದಕ್ಕೇ ಗದ್ದಕ್ಕೆ ಮಾತ್ರ ಇನ್ನೊಂದು ಸಲ ಪೌಡರ್. ಈ ಜೋಡಣೆಯಿಂದಲೇ ದಿನಕ್ಕೆ 22 ಇದ್ದದ್ದು 30 ದಾಟಿತು. ದಾವಣಗೆರೆಯಲ್ಲಿ ಇಬ್ಬರು ಮಾಡೆಲ್ ಇಟ್ಟುಕೊಂಡು ಒಂದು ದಿನಕ್ಕೆ 34 ಮುಗಿಸಿದವರನ್ನು ನಾನಂತೂ ಬೇರೆ ನೋಡಿಲ್ಲ.

ದುಡ್ಡಿನ ಲೆಕ್ಕ. ಮೊದಲು ಒಂದು ಫೋಟೊಗೆ ನನಗೆ ರೀಟಚ್‌ಗೆ 20 ನಿಮಿಷ ಬೇಕಿತ್ತು. 200 ಫೋಟೊ ಅಂದರೆ 65 ಗಂಟೆಯ ಮೇಲೆ. ಹೊರಗೆ ಕೊಟ್ಟರೆ 12,000. ಈಗ ಒಂದಕ್ಕೆ ನಾಲ್ಕೈದು ನಿಮಿಷ, ಒಟ್ಟು 16 ಗಂಟೆ ಹಿಡಿಯಬಹುದು. ಮೇಕಪ್‌ಗೆ, ಸಹಾಯಕಿಗೆ ಕೊಡುವುದು 8,500. ಉಳಿದ ಐವತ್ತು ಗಂಟೆಯಲ್ಲಿ ನಾನು ಇನ್ನೊಂದು ಕೆಲಸ ಹಿಡಿಯುತ್ತೇನೆ. ಈ ಲೆಕ್ಕ ಮಂಡಕ್ಕಿ ಅಂಗಡಿಯ ಮುಂದೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಕೈಯಿಂದ ಹೋಗುವ 8,500 ಮಾತ್ರ ನೋಡುತ್ತಿದ್ದರು. ರಾತ್ರಿ ಎರಡು ಗಂಟೆಯವರೆಗೆ ಕೂತು ಮುಖ ಒರೆಸುವುದಕ್ಕೂ ಬೆಲೆ ಇದೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಗಿರಾಕಿಯನ್ನು ಒಪ್ಪಿಸಿದ್ದು ಹೀಗೆ. 12×18 ಅಳತೆಯಲ್ಲಿ ಎರಡು ಪ್ರಿಂಟ್ ಹಾಕಿಸಿದೆ. ಒಂದು ಆ 2019ರ ಬಿಳಿ ಹಣೆ, ಒಂದು ಟ್ರಯಲ್‌ನದು. ಆ ಎರಡು ಮುಖದವರನ್ನೂ ಕೇಳಿ, ಒಪ್ಪಿಗೆ ತೆಗೆದುಕೊಂಡೇ ಹಾಕಿಸಿದ್ದು. ಗಲ್ಲಾದ ಮೇಲೆ ಪಕ್ಕ ಪಕ್ಕ ಇಟ್ಟೆ. ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಯಜಮಾನ್ರೇ, ಮುಖ ತಿದ್ದೋಕೆ ಹೋದ್ರೆ ನಿಮ್ಮ ಸೀರೆ ಬಣ್ಣ ಹೋಗುತ್ತೆ. ಫೋಟೊ ನೋಡಿ ತರಿಸಿಕೊಂಡವರು ಬಣ್ಣ ಬೇರೆ ಅಂತ ವಾಪಸ್ ಕಳಿಸ್ತಾರೆ" ಅಂದೆ. ಅವರಿಗೆ ಬೇಕಾದದ್ದು ಸೀರೆ. ವಾಪಸ್ ಬರುವ ಕೊರಿಯರ್ ಖರ್ಚು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ನಿಮಿಷ ಸುಮ್ಮನಿದ್ದರು. "ಸರಿ, ಹಾಕ್ಕೊಳ್ರಿ" ಅಂದರು. ಈಗ ಕೊಟೇಶನ್‌ನಲ್ಲಿ ಫೋಟೊಗ್ರಫಿ ಬೇರೆ ಸಾಲು, ಮೇಕಪ್ ಮತ್ತು ಸೀರೆ ಉಡಿಸುವುದು ಬೇರೆ ಸಾಲು, 9,500. ಮಾಡೆಲ್ ದುಡ್ಡು ಅವರೇ ನೇರ ಕೊಡುತ್ತಾರೆ. ಮೇಕಪ್ ಸಾಲಿನಲ್ಲಿ ಉಳಿಯುವ ಸಾವಿರದಲ್ಲಿ ವರ್ಷಕ್ಕೊಂದೆರಡು ಹೊಸ ಟ್ರಯಲ್ ಮಾಡುತ್ತೇನೆ. ಒಬ್ಬರನ್ನೇ ನಂಬಿ ಕೂರಲು ಆಗುವುದಿಲ್ಲ. ಅವರಿಗೆ ಜ್ವರ ಬಂದ ದಿನ ನನ್ನ ಅಂಗಡಿ ಮುಚ್ಚಬಾರದು.

ಚಿತ್ರದುರ್ಗಕ್ಕೆ ಮತ್ತೆ ಹೋದೆ. ಹೋದ ಡಿಸೆಂಬರ್, ಇನ್ನೊಂದು ಪ್ರಿವೆಡ್ಡಿಂಗ್. ಈ ಸಲ ಕೋಟೆಯ ಗೋಜಿಗೆ ಹೋಗದೆ, ಗಾಳಿಯಂತ್ರದ ಗುಡ್ಡಗಳು ಕಾಣುವ ರಸ್ತೆ ಬದಿ ಹಿಡಿದೆವು. ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಮತ್ತೆ ಸಂಜೆ ನಾಲ್ಕರ ಮೇಲೆ. ಮೇಕಪ್‌ನವರು ಕಾರಿನಲ್ಲೇ ನಮ್ಮ ಜೊತೆ. ಹುಡುಗನ ಮುಖಕ್ಕೂ ಕೈ ಹಾಕಿದಾಗ ಅವನ ತಾಯಿ, "ಗಂಡುಮಗನಿಗೆ ಯಾಕ್ರೀ ಬಣ್ಣ?" ಅಂತ ತಡೆದರು. "ಬಣ್ಣ ಅಲ್ಲಮ್ಮ, ಬೆವರು ಒತ್ತಿ ತೆಗೀತೀನಿ, ಕಣ್ಣ ಕೆಳಗೆ ಸ್ವಲ್ಪ ಅಷ್ಟೇ" ಅಂದು ಐದು ನಿಮಿಷದಲ್ಲಿ ಮುಗಿಸಿದರು. ಹಚ್ಚಿದ್ದು ಆ ತಾಯಿಗೇ ಗೊತ್ತಾಗಲಿಲ್ಲ. ಗಾಳಿ ಮಾತ್ರ ಬಲವಾಗಿತ್ತು. ಗಾಳಿಯಂತ್ರ ಅಲ್ಲಿ ಸುಮ್ನೆ ನಿಲ್ಲಿಸಿರುತ್ತಾರಾ? ಬಿಟ್ಟ ಕೂದಲು ತುಟಿಗೆ ಅಂಟುತ್ತಿತ್ತು. ಅವರು ಹಿಂದಿನ ರಾತ್ರಿಯೇ ಜಾಗ ಕೇಳಿಕೊಂಡು, ಅಂಟದ ಮ್ಯಾಟ್ ಲಿಪ್‌ಸ್ಟಿಕ್, ಒಳಗೆ ಎರಡು ಸಣ್ಣ ಜಡೆ ಹಾಕಿ ಮೇಲೆ ಕೂದಲು ಬಿಡುವ ಉಪಾಯ ಎಲ್ಲ ಯೋಚಿಸಿಕೊಂಡು ಬಂದಿದ್ದರು. ಸಂಜೆ ಆರಕ್ಕೆ ಕೊನೆಯ ಫೋಟೊ. ಹುಡುಗನ ಬಿಳಿ ಶರ್ಟ್ ಬಿಳಿಯಾಗಿಯೇ ಇತ್ತು.

ದೀಪಾವಳಿಯಿಂದ ದಿನಕ್ಕೆ 8,000 ಮಾಡುತ್ತೇನೆ ಅಣ್ಣ ಅಂತ ಅವರು ಹೇಳಿದ್ದಾರೆ. ಕೊಟೇಶನ್ ಫೈಲಿನಲ್ಲಿ ಆ ಸಾಲನ್ನು ಈಗಲೇ ತಿದ್ದಿಟ್ಟಿದ್ದೇನೆ.